ಹಾಜರಿಯಲ್ಲಿ ಹೆಸರು ಹಂಗೇ ಇರಲಿ ಅಂದೆ

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಕಳವಿನ ಕೇಸಿಗೆ ಸಿಕ್ಕ ನನ್ನ ಒಬ್ಬ ವಿದ್ಯಾರ್ಥಿಯ ಕತೆ ಇದು. ಹುಡುಗನ ಹೆಸರು, ಊರು, ಇಸವಿ ಯಾವುದನ್ನೂ ಬರೆಯುವುದಿಲ್ಲ. ಇಂಥ ಮಗುವಿನ ಗುರುತು ಬಯಲು ಮಾಡಿದವರಿಗೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು 6 ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅನ್ನುತ್ತದೆ. ಕಲಮು ಇರದಿದ್ದರೂ ಹೇಳುತ್ತಿರಲಿಲ್ಲ, ಬಿಡಿ.

ಅವನು ಒಂಬತ್ತನೇ ತರಗತಿ. ತನಗಿಂತ ದೊಡ್ಡ ಇಬ್ಬರ ಜೊತೆ ಸೇರಿ ಗದ್ದೆ ಬದುವಿನಲ್ಲಿ ಬಿದ್ದಿದ್ದ ಪಂಪ್‌ಸೆಟ್ ಕೇಬಲ್ ಎತ್ತಿದ್ದ. ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕುವ ಲೆಕ್ಕ. ರೈತರ ಕೈಗೆ ಸಿಕ್ಕಿಬಿದ್ದರು. ಮಾರನೇ ದಿನವೇ, ಮಕ್ಕಳ ಮೇಲಿನ ಕೇಸು ನೋಡುವ ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟು ಅವನನ್ನು ತಾಯಿಯ ಜೊತೆ ಕಳಿಸಿತು. ಆದರೂ ಹನ್ನೆರಡು ದಿನ ಶಾಲೆಗೆ ಬರಲಿಲ್ಲ. ಅವನನ್ನು ಹಿಡಿದಿಟ್ಟಿದ್ದು ಯಾವ ಬೀಗವೂ ಅಲ್ಲ, ನಾಚಿಕೆ.

ಸ್ಟಾಫ್ ರೂಮಿನಲ್ಲಿ ಮೊದಲು ಎದ್ದ ಮಾತು ಟಿಸಿಯದು. 'ಕೊಟ್ಟು ಕಳಿಸಿಬಿಡೋಣ, ಮಿಕ್ಕ ಮಕ್ಕಳೂ ಕೆಡ್ತವೆ' ಅಂದರು ಹೆಡ್‌ಮಾಸ್ಟ್ರು. ಕೆಟ್ಟವರಲ್ಲ ಅವರು, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಬಂದು ಕೂಗಾಡಿದರೆ ಅನ್ನುವ ಅಂಜಿಕೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ತೋರಿಸೋಣ ಅಂದರೆ ಅದು ಎಂಟನೇ ತರಗತಿಗೇ ನಿಲ್ಲುತ್ತದೆ. ಹಾಗಾಗಿ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಹಿಡಿದು ಕೂತೆ: ಅಪರಾಧ ಮಾಡಿದ್ದಾನೆ ಅಂತ ತೀರ್ಮಾನವಾದ ಮಗುವಿಗೂ ಆ ಕಾರಣಕ್ಕೆ ಯಾವ ಅನರ್ಹತೆಯೂ ತಟ್ಟಬಾರದು ಅನ್ನುತ್ತದೆ ಅದು. ಇವನದು ಇನ್ನೂ ವಿಚಾರಣೆಯೇ ಮುಗಿದಿಲ್ಲ. 'ಸಾರ್, ಮಂಡಳಿ ಹೊರಗೆ ಹಾಕದವನನ್ನ ನಾವು ಹಾಕೋದಾ?' ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ಜವಾಬ್ದಾರಿ ನಿಮ್ದೇ ಕಣ್ರಿ' ಅಂದರು. ಹಾಜರಿಯಲ್ಲಿ ಹೆಸರು ಉಳಿಯಿತು.

ಹುಡುಕಿಕೊಂಡು ಹೋದಾಗ ಆಲೆಮನೆಯಲ್ಲಿದ್ದ. ಗಾಣದ ಪಕ್ಕ ಕಬ್ಬಿನ ಸಿಪ್ಪೆ ಹರಡುತ್ತಿದ್ದವನು ನನ್ನ ಕಂಡು ಮೊಣಕೈಗೆ ಅಂಟಿದ್ದ ಸಿಪ್ಪೆಯನ್ನು ಒಂದೊಂದಾಗಿ ಕೀಳತೊಡಗಿದ. ಕೇಸಿನ ಸುದ್ದಿ ನಾನು ಎತ್ತಲಿಲ್ಲ.

'ಸೋಮವಾರ ಬಹುಪದೋಕ್ತಿ ಶುರು ಮಾಡ್ತೀನಿ, ಬಾರೋ.'

'ಎಲ್ಲಾರ್ಗೂ ಗೊತ್ತಾಗೈತೆ ಸಾ.'

'ಗೊತ್ತಾಗ್ಲಿ. ನಿನ್ನ ಹೆಸರು ದಿನಾ ಕೂಗ್ತಾ ಇದೀನಿ.'

ಸೋಮವಾರ ಬರಲಿಲ್ಲ, ಬುಧವಾರ ಬಂದ.

ಮಗುವಿನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ತಿಳಿಸುವ ಪ್ರೊಬೇಷನ್ ಆಫೀಸರ್ ಮೇಡಂ ಸಾಮಾಜಿಕ ತನಿಖಾ ವರದಿಗೆಂದು ಒಮ್ಮೆ ಶಾಲೆಗೆ ಬಂದಿದ್ದರು. ಮಗು ಹೇಗೆ ಓದುತ್ತಾನೆ, ಮೇಷ್ಟ್ರು, ಸಹಪಾಠಿಗಳು ಅವನನ್ನು ಹೇಗೆ ಕಾಣುತ್ತಾರೆ ಅಂತೆಲ್ಲ ಕೇಳಿದರು. ಈ ವರದಿಯನ್ನು ಮಂಡಳಿ ಓದುತ್ತದೆ. 'ಹುಡುಗ ಒಳ್ಳೆಯವನು' ಅಂತ ಒಂದು ಸಾಲು ಗೀಚಿ ಕೈ ತೊಳೆದುಕೊಂಡರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನಾನು ಹಾಜರಿ, ಕಿರುಪರೀಕ್ಷೆಯ ಅಂಕ, ಜೊತೆಗೆ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಅನ್ನುವುದನ್ನೂ ಬರೆದುಕೊಟ್ಟೆ. ತಾಯಿ ಗಾರ್ಮೆಂಟ್ಸ್‌ನಿಂದ ಬಸ್ಸಿಳಿಯುವುದೇ ಏಳಕ್ಕೆ, ತಂದೆ ಆಲೆಮನೆಯಿಂದ ಬರುವುದು ಇನ್ನೂ ತಡ. ಆ ದೊಡ್ಡ ಹುಡುಗರ ಸಹವಾಸ ಬೆಳೆದದ್ದು ಇದೇ ಎರಡೂವರೆ ಗಂಟೆಯಲ್ಲಿ. ಪಿಟಿ ಮೇಷ್ಟ್ರು ವಾಲಿಬಾಲ್ ತಂಡಕ್ಕೆ ಎಳೆದುಕೊಂಡರು. ಆಟ ಮುಗಿದ ಮೇಲೆ ಅರ್ಧ ಗಂಟೆ ಹೊಂಗೆ ಮರದ ಕೆಳಗೆ ಲೆಕ್ಕ. ಅವನೊಬ್ಬನನ್ನೇ ಕೂರಿಸಿದರೆ ಊರಿಗೆ ತಮಟೆ ಹೊಡೆದ ಹಾಗೆ, ಅದಕ್ಕೇ ಗಣಿತದಲ್ಲಿ ಹಿಂದಿದ್ದ ಇನ್ನೂ ಐದು ಮಂದಿಯನ್ನು ಸೇರಿಸಿಕೊಂಡೆ.

ಮಂಡಳಿಗೆ ಹೋಗುವ ದಿನಗಳಲ್ಲಿ ಕಿರುಪರೀಕ್ಷೆ ಬಿದ್ದರೆ ಬೇರೆ ದಿನ ಬರೆಸುತ್ತಿದ್ದೆ. ರಜೆ ಚೀಟಿಯಲ್ಲಿ 'ಮನೆ ಕೆಲಸ' ಅಂತಿರುತ್ತಿತ್ತು, ಅಷ್ಟು ಸಾಕು. ಕೇಸಿನ ಕಾಗದವೆಲ್ಲ ಹೆಡ್‌ಮಾಸ್ಟ್ರ ಬೀರುವಿನಲ್ಲಿ. ಅಟೆಂಡರ್‌ಗೂ ಗೊತ್ತಿರಲಿಲ್ಲ, ಅಂದರೆ ಕಾಗದದಿಂದ ಗೊತ್ತಿರಲಿಲ್ಲ. ಊರ ಬಾಯಿ ಯಾರು ಮುಚ್ಚುತ್ತಾರೆ?

ಇಷ್ಟೆಲ್ಲ ಮಾಡಿದವನೇ ಒಂದು ಎಡವಟ್ಟು ಮಾಡಿದೆ. ಪ್ರವಾಸಕ್ಕೆ ತಂದಿದ್ದ ನೂರು ರೂಪಾಯಿ ಒಬ್ಬಳ ಬ್ಯಾಗಿನಿಂದ ಕಾಣೆಯಾಯಿತು. ಅವಳು ಎದ್ದು ಹೇಳುತ್ತಿದ್ದ ಹಾಗೆ ತರಗತಿಯ ಕತ್ತೆಲ್ಲ ಕಿಟಕಿ ಪಕ್ಕದ ಬೆಂಚಿನತ್ತ ತಿರುಗಿತು. ನನ್ನ ಕತ್ತೂ ತಿರುಗಿತು. ಅವನು ಮಕ್ಕಳನ್ನು ನೋಡಲಿಲ್ಲ, ನನ್ನನ್ನೇ ನೋಡಿದ. ಆಮೇಲೆ ಪುಸ್ತಕ ಜೋಡಿಸಿಕೊಂಡು, ಬೆಲ್ ಹೊಡೆಯುವವರೆಗೂ ತಲೆಯೆತ್ತದೆ ಕೂತಿದ್ದ. ಮತ್ತೆ ನಾಲ್ಕು ದಿನ ಗೈರು.

ಮತ್ತೆ ಅದೇ ಆಲೆಮನೆ. 'ತಪ್ಪಾಯ್ತು ಕಣೋ' ಅಂದೆ. ಮೇಷ್ಟ್ರು ತಪ್ಪಾಯ್ತು ಅಂದದ್ದು ಅವನಿಗೆ ಹೊಸದು, ನನಗೂ. ಅವನಪ್ಪ ಕೊಪ್ಪರಿಗೆಯ ಪಕ್ಕದಿಂದಲೇ 'ವೋಗ್ಲಾ, ಸಾ ಕರೀತಾವ್ರೆ' ಅಂತ ಗದರಿದರು. ತರಗತಿಗೂ ಹೇಳಿದೆ: ಆವತ್ತು ನಾನು ನೋಡಿದ್ದು ಸರಿಯಲ್ಲ, ನೀವು ನೋಡಿದ್ದೂ ಸರಿಯಲ್ಲ. ಯಾರೂ ಮಾತಾಡಲಿಲ್ಲ. ಅಂದು ಲೆಕ್ಕ ಸರಿಯಾಗಿ ಸಾಗಲೂ ಇಲ್ಲ.

ಇಂಥ ಪ್ರಕರಣದಲ್ಲಿ ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಮಂಡಳಿ ಬೇಕಾದರೆ 2 ತಿಂಗಳು ಮುಂದುವರಿಸಬಹುದು. ಇವನದು ಐದನೇ ತಿಂಗಳಲ್ಲಿ ಮುಗಿಯಿತು. ಅವನಿಗೂ ತಂದೆತಾಯಿಗೂ ಬುದ್ಧಿ ಹೇಳಿ ಮನೆಗೆ ಕಳಿಸಿದರು.

ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಪರೀಕ್ಷೆಗೆ ಗಣಿತ ಹೋಯಿತು, ನನ್ನದೇ ವಿಷಯ. ಎರಡನೇ ಪರೀಕ್ಷೆಯಲ್ಲಿ ಪಾಸಾದ. ಐಟಿಐಗೆ ಸೇರಲು ಟಿಸಿ ಬೇಕು ಅಂತ ಬಂದವನು, ನಾನು ನಡತೆಯ ಕಾಲಂ ತುಂಬುವಾಗ ಮೇಜಿನ ಅಂಚು ಹಿಡಿದು ನಿಂತಿದ್ದ.

'ಸಾ, ಆ ನೂರು ರೂಪಾಯಿ ಸಿಕ್ತಾ?'

'ಇಲ್ಲ ಕಣೋ.'

ತಲೆಯಾಡಿಸಿದ. ಟಿಸಿಯನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಸೈಕಲ್ ಹತ್ತಿದ.