ಕೊನೆಗಾರನೇ ನಮ್ಮ ಬೂಮ್ ಆಪರೇಟರ್: ಮಳೆಗಾಲದಲ್ಲಿ ಸಿಂಕ್ ಸೌಂಡ್ ಮಾಡಿದ ನನ್ನ ಅನುಭವ

ತೀರ್ಥಹಳ್ಳಿ ಮತ್ತು ಆಗುಂಬೆ ನಡುವಿನ ಒಂದು ತೋಟದ ಮನೆ. ಜುಲೈ ತಿಂಗಳು, ಪುನರ್ವಸು ಮಳೆ. ಏಳು ಜನರ ತಂಡ. 22 ನಿಮಿಷದ ಕಿರುಚಿತ್ರವನ್ನು ಸಿಂಕ್ ಸೌಂಡ್‌ನಲ್ಲೇ ಮುಗಿಸಿದೆವು. ಅಂದರೆ ಮಾತನ್ನು ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಮಾಡಿದ್ದು. ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿದ್ದು ನಾಲ್ಕೇ ಸಾಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶುರು ಮಾಡುವಾಗ ಆಗಲ್ಲ ಅಂದವರೇ ಜಾಸ್ತಿ. "ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುತ್ತೆ ಮಾರಾಯ, ಅಲ್ಲಿ ಮೈಕ್ ಹಿಡ್ಕೊಂಡು ಏನ್ ಮಾಡ್ತೀಯ? ಗುರುತಿಗೆ ಮಾತ್ರ ಒಂದು ಪೈಲಟ್ ಟ್ರ್ಯಾಕ್ ತಗೊಂಡು ಬಾ, ಡಬ್ ಮಾಡೋಣ" ಎಂದು ಬೆಂಗಳೂರಿನ ಎಡಿಟರ್ ಗೆಳೆಯ ಬೈದಿದ್ದ.

ಡಬ್ಬಿಂಗ್ ರುಚಿ ನಾವು ಹಿಂದಿನ ಚಿತ್ರದಲ್ಲೇ ನೋಡಿದ್ದೆವು. ಅದರಲ್ಲಿ ನಮ್ಮೂರಿನ, 70 ದಾಟಿದ ಒಬ್ಬ ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಮಾತಾಡುತ್ತಾರೆ. ಒಂದೊಂದು ಕಾಯಿಗೂ ಮಾತು ಅರೆಗಳಿಗೆ ನಿಲ್ಲುತ್ತಿತ್ತು. ಸಿಪ್ಪೆ ಬಿಟ್ಟ ಮೇಲೆ ಮತ್ತೆ ಶುರು. ಅದೇ ಅಜ್ಜಿಯನ್ನು ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿ ನಿಲ್ಲಿಸಿದರೆ ಪಾಠ ಒಪ್ಪಿಸುವ ಮಗುವಿನ ದನಿ ಬಂತು. ಎರಡು ದಿನ ಹೋಯಿತು. ಆಮೇಲೆ ಪೇಟೆಯ ಕಲಾವಿದೆಯೊಬ್ಬರಿಂದ ಮಾಡಿಸಿದೆವು. ಎಲ್ಲಾ ಸೇರಿ ಹತ್ತಿರ ಹತ್ತಿರ 40,000 ಖರ್ಚು. ಚಿತ್ರ ನೋಡಿದ ಅಜ್ಜಿ "ಇದು ನಾನಲ್ಲ ಅಲ್ವಾ ಮಗ?" ಎಂದು ಕೇಳಿದರು. ಆ ಮಾತು ನನ್ನನ್ನು ಒಂದು ವರ್ಷ ಬಿಡಲಿಲ್ಲ.

ಈ ಚಿತ್ರದಲ್ಲೂ ಅದೇ ಅಜ್ಜಿ. ಈ ಸಲ ನಾನು ಸೌಂಡ್ ಮತ್ತು ಪ್ರೊಡಕ್ಷನ್ ಎರಡನ್ನೂ ಹೊತ್ತುಕೊಂಡೆ. ಕ್ಯಾಮೆರಾ ಹುಡುಗ ಮದುವೆ ವಿಡಿಯೋ ಮಾಡುವವನು. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಅವನೂ ಖಾಲಿ, ಅವನ ಲೈಟುಗಳೂ ಖಾಲಿ. ಬಾಡಿಗೆ ಅರ್ಧಕ್ಕೆ ಇಳಿಯಿತು. ಜೀಪ್ ಓಡಿಸುವವರೇ ಪ್ರೊಡಕ್ಷನ್‌ನಲ್ಲಿ ನನಗೆ ಬಲಗೈ. ಸಿಗದೇ ಹೋದವನು ಬೂಮ್ ಆಪರೇಟರ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು ಮಾತಾಡುವವರ ಹತ್ತಿರ ಹಿಡಿಯುವವನು. ಬೆಂಗಳೂರಿನಿಂದ ಒಬ್ಬ ಬಂದ, ಉಂಬಳ (ಜಿಗಣೆ) ಕಚ್ಚಿದ ಕಾಲು ನೋಡಿಕೊಂಡು ಎರಡನೇ ದಿನವೇ ಬಸ್ ಹತ್ತಿದ. ಅಡ್ವಾನ್ಸ್ 3,000 ಅವನ ಜೊತೆಯೇ ಹೋಯಿತು.

ಆಗ ಕಣ್ಣಿಗೆ ಬಿದ್ದವರು ಪಕ್ಕದ ತೋಟದಲ್ಲಿ ಅಡಿಕೆ ಗೊನೆ (ನಮ್ಮ ಮಾತಲ್ಲಿ ಕೊನೆ) ಕೊಯ್ಯುವ ಕೊನೆಗಾರ. ದೋಟಿ ಅನ್ನುವ, ಕೊನೆ ಕೊಯ್ಯುವ ಕಾರ್ಬನ್ ಫೈಬರ್ ಕೋಲನ್ನು 60 ಅಡಿ ಎತ್ತರಕ್ಕೆ ಏರಿಸಿ ದಿನಪೂರ್ತಿ ನಿಲ್ಲುವ ಮನುಷ್ಯ. ಅವರಿಗೆ 12 ಅಡಿ ಬೂಮ್ ಅಂದರೆ ಬೆತ್ತ ಹಿಡಿದ ಹಾಗೆ. ಬಂದವನು ತನ್ನ ಬೂಮ್ ರಾಡ್ ಕೂಡ ತೆಗೆದುಕೊಂಡು ಹೋಗಿದ್ದ. ಹಾಗಾಗಿ ದೋಟಿಯದೇ ತುದಿಯ ಎರಡು ತುಂಡು ಬಿಚ್ಚಿಕೊಂಡು, ತೀರ್ಥಹಳ್ಳಿಯ ಲೇತ್ ಅಂಗಡಿಯಲ್ಲಿ 250 ರೂಪಾಯಿಗೆ ಒಂದು ಸ್ಕ್ರೂ ಮಾಡಿಸಿ ಮೈಕ್ ಕೂರಿಸಿದೆವು. ಕೈ ಹಿಡಿಯುವ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿದೆವು. ಮೊದಲ ದಿನ ತುಂಡುಗಳು ಸೇರುವ ಗಂಟು ಕಿರ್ ಕಿರ್ ಎಂದು ಆರು ಟೇಕ್ ಹಾಳಾಯಿತು. ಗಂಟಿನ ಒಳಗೆ ಏನು ತುಂಬಿ ಅದನ್ನು ನಿಲ್ಲಿಸಿದೆವು ಅನ್ನುವುದನ್ನು ಈಗ ಹೇಳುವುದಿಲ್ಲ. ಮುಂದಿನ ಚಿತ್ರ ಮುಗಿಯಲಿ.

ಇನ್ನೊಂದು ತೊಂದರೆ ಇತ್ತು. ಅವರ ಕಣ್ಣು ಸದಾ ದೋಟಿಯ ತುದಿಯ ಮೇಲೆ. ಪಾತ್ರ ಆಚೆ ಹೋದರೂ ಮೈಕ್ ಅಲ್ಲೇ. ಒಂದು ಸಂಜೆ ಹೇಳಿದೆ: "ಅಣ್ಣ, ಅಜ್ಜಿ ಬಾಯಿ ಅಂದ್ರೆ ಅಡಿಕೆ ಕೊನೆ ಅಂದ್ಕೊಳ್ಳಿ. ಕತ್ತಿ ತಾಗಬಾರದು, ಒಂದೂವರೆ ಮೊಳಕ್ಕಿಂತ ದೂರನೂ ಆಗಬಾರದು." ಮಾರನೇ ದಿನದಿಂದ ನಾನು ಬಾಯಿ ಬಿಡಬೇಕಾಗಲಿಲ್ಲ.

ಅವರನ್ನು ಪಡೆಯುವುದು ಸುಲಭ ಇರಲಿಲ್ಲ. ಅದು ಅವರು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಕಾಲ. ಔಷಧಿ ಹೊಡೆಯಲು ಹೊಳವು (ಮಳೆಯ ಬಿಡುವು) ಬೇಕು, ನಮಗೆ ಡೈಲಾಗ್ ತೆಗೆಯಲೂ ಅದೇ ಹೊಳವು ಬೇಕು. ಕೊನೆಗೆ ಮೊದಲ ಸುತ್ತು ಮುಗಿದು ಎರಡನೆಯದು ಶುರುವಾಗುವ ನಡುವೆ ಆರು ದಿನ ಹಿಡಿದೆವು. ತೋಟದಲ್ಲಿ ಸಿಗುವ ಕೂಲಿಗಿಂತ 200 ಜಾಸ್ತಿ ಕೊಟ್ಟೆ. ನನ್ನ ಪೂರ್ತಿ ಬಜೆಟ್‌ನಲ್ಲಿ ಅಷ್ಟು ಚೆನ್ನಾಗಿ ಖರ್ಚಾದ ದುಡ್ಡು ಬೇರೆ ಇಲ್ಲ. ಔಷಧಿ ಒಣಗುವಷ್ಟು ಹೊತ್ತು ಮಳೆ ಬರುತ್ತಾ ಇಲ್ವಾ ಎಂದು ನೋಡಿ ನೋಡಿ ಪಳಗಿದ ಕಣ್ಣು ಅವರದು. ಘಟ್ಟದ ಕಡೆ ನೋಡಿ "ಬಿಳುಪಾಯ್ತು, ಕಾಲು ಗಂಟೆ ಸಿಗುತ್ತೆ" ಅನ್ನುತ್ತಿದ್ದರು. ಹತ್ತರಲ್ಲಿ ಏಳು ಸಲ ಸರಿ ಇತ್ತು. ಮೊಬೈಲ್ ಹವಾಮಾನ ಅದರ ಹತ್ತಿರಕ್ಕೂ ಬರಲಿಲ್ಲ. ಅಲ್ಲಿ ಟವರ್ರೇ ಇರಲಿಲ್ಲ ಬಿಡಿ.

ಹೊಳವು ಸಿಗದ ದೃಶ್ಯಗಳಿಗೆ ಚಪ್ಪರ. ತಾಡಪಾಲಿನ ಮೇಲೆ ಹನಿ ಬಿದ್ದರೆ ಡಬಡಬ ಸದ್ದು, ಪಕ್ಕದವರ ಮಾತೂ ಕೇಳುವುದಿಲ್ಲ. ಮೇಲೆ ಅಡಿಕೆ ಸೋಗೆ ಹಾಕಿದೆವು, ಸೋಗೆಯೇ ಪಟಪಟ ಎಂದಿತು. ಭತ್ತದ ಹುಲ್ಲು ಹಾಕಿದೆವು. ಸದ್ದೇನೋ ಸತ್ತಿತು, ಆದರೆ ನೀರು ಕುಡಿದು ಭಾರವಾಗಿ ರಾತ್ರಿ ಬಿದಿರು ಮುರಿದು ಚಪ್ಪರ ಮಲಗಿತು. ಲೈಟ್ ಸ್ಟ್ಯಾಂಡ್ ಒಂದು ಹೋಯಿತು, 2,500 ದಂಡ. ಕೊನೆಗೆ ಗುಜರಿಯಿಂದ 900 ರೂಪಾಯಿಗೆ ಮೂರು ಹಳೆಯ ನಾರಿನ ಹಾಸಿಗೆ ತಂದು, ಬೆರಳು ದಪ್ಪದ ಪದರವಾಗಿ ಸೀಳಿ, ಇಳಿಜಾರಾಗಿ ಹಾಸಿದೆವು. ಹನಿ ನಾರಿನಲ್ಲಿ ಒಡೆದು ಚೂರಾಗಿ ಇಳಿಯುತ್ತದೆ, ತಾಡಪಾಲಿಗೆ ಪೆಟ್ಟು ಬೀಳುವುದಿಲ್ಲ. ಎರಡರ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವುದರಲ್ಲೇ ಎಲ್ಲಾ ಇದೆ. ಅದನ್ನು ನೀವೇ ಮಾಡಿ ನೋಡಿ.

ಮಗಳ ಪಾತ್ರ ಮಾಡಿದವರು ಹೆಗ್ಗೋಡಿನ ನೀನಾಸಂನಲ್ಲಿ ನಾಟಕ ಕಲಿತವರು. ಕೊನೆಯ ಸಾಲಿಗೂ ಮುಟ್ಟುವ ದನಿ. ಅಜ್ಜಿಯದು ಒಲೆ ಮುಂದಿನ ಮಾತು. ಇಬ್ಬರೂ ಒಂದೇ ಶಾಟ್‌ನಲ್ಲಿದ್ದರೆ ಒಬ್ಬರದು ಒಡೆಯುತ್ತಿತ್ತು. ಅದೇ ದನಿಯನ್ನು ಎರಡನೇ ಟ್ರ್ಯಾಕಿನಲ್ಲಿ 12 ಡೆಸಿಬಲ್ ಕಡಿಮೆ ಮಟ್ಟದಲ್ಲೂ ರೆಕಾರ್ಡ್ ಮಾಡಿ ಬಚಾವಾದೆ.

ನಡುವೆ ಲೆನ್ಸಿಗೆ ಬೂಸ್ಟು ಹಿಡಿಯುವ ಭಯ. ಅಕ್ಕಿ ಡಬ್ಬಿಯಲ್ಲಿಟ್ಟರೆ ಹುಡಿ ಕೂತಿತು. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಮಸಿ. ದೊಡ್ಡ ಸ್ಟೀಲ್ ಡಬ್ಬಿಗೆ 15 ವ್ಯಾಟ್‌ನ ಹಳೆ ಬಲ್ಬ್ ಇಳಿಬಿಟ್ಟದ್ದು ಸರಿಹೋಯಿತು, ಕರೆಂಟ್ ಇದ್ದಷ್ಟು ಹೊತ್ತು. ರಾತ್ರಿ ಗದ್ದೆ ಬದುವಿನ ಮೇಲೆ ಕೂತು ಕಪ್ಪೆಗಳನ್ನೂ ರೆಕಾರ್ಡ್ ಮಾಡಿದೆ. ಹೆಜ್ಜೆ ಸದ್ದಿಗೆ ಎಲ್ಲಾ ಒಟ್ಟಿಗೆ ಸುಮ್ಮನಾಗುತ್ತವೆ. ಅಲ್ಲಾಡದೆ 20 ನಿಮಿಷ ಕೂತರೆ ಒಂದೊಂದಾಗಿ ಶುರು. ಹಾಗೆ ಸಿಕ್ಕ ನಾಲ್ಕು ನಿಮಿಷ ಚಿತ್ರದ ಕೊನೆಯಲ್ಲಿದೆ.

ಒಟ್ಟು ಖರ್ಚು 1,90,000ದ ಆಸುಪಾಸು. ಕ್ಯಾಮೆರಾ, ಲೆನ್ಸಿಗೆ 36,000, ಊಟಕ್ಕೆ 22,000, ಮಿಕ್ಸಿಂಗ್‌ಗೆ 30,000, ಉಳಿದದ್ದು ಜೀಪು, ಕೂಲಿ, ದಂಡ. ಮಿಕ್ಸಿಂಗ್ ಮಾಡಿದವರು ಅಜ್ಜಿಯ ದೃಶ್ಯ ಕೇಳಿ "ಮಳೆ ಆಮೇಲೆ ಹಾಕಿದ್ದಾ?" ಎಂದರು. ಬೈದಿದ್ದ ಎಡಿಟರ್ ಪಕ್ಕದಲ್ಲೇ ಇದ್ದ. ನನಗೆ ಅಷ್ಟು ಸಾಕಿತ್ತು.

ಊರಲ್ಲಿ ತೋರಿಸಿದಾಗ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ತನ್ನ ಮಾತಿಗೆ ತಾನೇ ತಲೆ ಆಡಿಸುತ್ತಿದ್ದರು. ಕೊನೆಗಾರ ಅಣ್ಣ ನನ್ನ ಪಕ್ಕ ನಿಂತಿದ್ದರು. ಒಂದೊಂದು ಶಾಟ್ ಬಂದಾಗಲೂ ಮೊಣಕೈಯಿಂದ ತಿವಿದು, ಪರದೆಯ ಅಂಚು ತೋರಿಸಿ ಪಿಸುಗುಡುತ್ತಿದ್ದರು: "ಇಲ್ಲಿ ನಾನು ಕೊಟ್ಟಿಗೆ ಗೋಡೆ ಹಿಂದೆ ಇದ್ದೆ... ಇಲ್ಲಿ ಅಟ್ಟದ ಏಣಿ ಮೇಲೆ."