ಡೆಡಿಕೇಟೆಡ್ ಸರ್ವರಾ, ಕ್ಲೌಡಾ? ದುಡ್ಡು ಕಟ್ಟುವ ಮೊದಲು ಹೀಗೆ ಲೆಕ್ಕ ಹಾಕಿ

ಅಮೀನಗಡದ ಕರದಂಟು, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ತಿಕೋಟಾ ಕಡೆಯ ಒಣದ್ರಾಕ್ಷಿ ಎಲ್ಲವೂ ಈಗ ವೆಬ್‌ಸೈಟ್‌ಗಳಲ್ಲಿ ಸಿಗುತ್ತವೆ. ವ್ಯಾಪಾರ ಸ್ವಲ್ಪ ಕೈಹಿಡಿದ ಕೂಡಲೇ ಅಂಗಡಿಯವರಿಗೆ ಹೋಸ್ಟಿಂಗ್ ಮಾರುವವರ ಫೋನ್ ಶುರುವಾಗುತ್ತವೆ. ‘ಶೇರ್ಡ್ ಹೋಸ್ಟಿಂಗ್ ಸಾಲದು ಸರ್, ಡೆಡಿಕೇಟೆಡ್ ಸರ್ವರ್ ತಗೊಳ್ಳಿ’ ಎಂದು ಒಬ್ಬರು, ‘ಈಗೆಲ್ಲ ಕ್ಲೌಡೇ’ ಎಂದು ಇನ್ನೊಬ್ಬರು. ನಿಮ್ಮ ಸೈಟಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ಇಬ್ಬರೂ ಕೇಳಿರುವುದಿಲ್ಲ. ತೀರ್ಮಾನ ನಿಂತಿರುವುದು ಅದರ ಮೇಲೆಯೇ. ಜನ ಯಾವಾಗ ಬರುತ್ತಾರೆ? ರಾತ್ರಿ ಸೈಟ್ ನಿಂತುಹೋದರೆ ಎದ್ದು ನೋಡುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ.

ಸರ್ವರ್ ಎಂದರೆ ನಿಮ್ಮ ಸೈಟನ್ನು ಇಟ್ಟುಕೊಂಡು ಬಂದವರಿಗೆ ತೋರಿಸುವ ಕಂಪ್ಯೂಟರ್. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅಂಥ ಒಂದು ಯಂತ್ರವನ್ನು ಹಲವರ ಸೈಟ್‌ಗಳು ಹಂಚಿಕೊಂಡಿರುತ್ತವೆ. ಈಗ ಡೆಡಿಕೇಟೆಡ್, ಕ್ಲೌಡ್ ಎರಡರ ವ್ಯತ್ಯಾಸ ನೋಡೋಣ. ಡೆಡಿಕೇಟೆಡ್ ಎಂದರೆ ಡೇಟಾ ಸೆಂಟರ್‌ನಲ್ಲಿ ಒಂದು ಇಡೀ ಯಂತ್ರ ನಿಮಗೊಬ್ಬರಿಗೇ. ಜನ ಬಂದರೂ ಬಾರದಿದ್ದರೂ ತಿಂಗಳ ಬಾಡಿಗೆ ಅಷ್ಟೇ. ಕ್ಲೌಡ್‌ನಲ್ಲಿ ದೊಡ್ಡ ಯಂತ್ರಗಳನ್ನು ಸಾಫ್ಟ್‌ವೇರ್ ಮೂಲಕ ಪಾಲು ಮಾಡಿ, ಬೇಕಾದಷ್ಟು ಪಾಲನ್ನು ಗಂಟೆ ಲೆಕ್ಕದಲ್ಲಿ ಕೊಡುತ್ತಾರೆ. ವರ್ಷಪೂರ್ತಿ ಕೆಲಸ ಇರುವವರು ಟ್ರ್ಯಾಕ್ಟರನ್ನು ಮನೆ ಮುಂದೆಯೇ ನಿಲ್ಲಿಸಿಕೊಳ್ಳುತ್ತಾರೆ, ಬಿತ್ತನೆ ಹೊತ್ತಿಗೆ ಮಾತ್ರ ಬೇಕಾದವರು ಗಂಟೆಗಿಷ್ಟು ಅಂತ ಕರೆಸುತ್ತಾರೆ ಅಲ್ವಾ, ಇದೂ ಹಾಗೆಯೇ.

ಸೈಟ್ ನಿಧಾನವಾಗಲು ಸರ್ವರೇ ಕಾರಣವೇ?

ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಸರ್ವರ್ ಬದಲಿಸಿದ ಮೇಲೂ ಸೈಟ್ ಹಾಗೇ ಕುಂಟುವುದಕ್ಕೆ ಬಹಳ ಸಲ ಫೋಟೊಗಳೇ ಕಾರಣ. ಸೀರೆಯ ಸೆರಗಿನ ನೇಯ್ಗೆ ಚೆನ್ನಾಗಿ ಕಾಣಲಿ ಎಂದು ಫೋನಿನಲ್ಲಿ ತೆಗೆದ 4-5 ಎಂಬಿ ಫೋಟೊವನ್ನು ಹಾಗೆಯೇ ಏರಿಸಿರುತ್ತಾರೆ. ಗಿರಾಕಿ ನೋಡುವುದು ಅಂಗೈಯಗಲದ ಪರದೆಯಲ್ಲಿ. ಅದೇ ಫೋಟೊವನ್ನು ವೆಬ್‌ಪಿ ಎಂಬ ಹಗುರ ಫೋಟೊ ರೂಪಕ್ಕೆ ತಂದು ಅಳತೆ ಇಳಿಸಿದರೆ 200 ಕೆಬಿ ಒಳಗೆ ಬರುತ್ತದೆ, ನೇಯ್ಗೆಯೂ ಕಾಣುತ್ತದೆ.

ಇದು ಬಿಲ್ಲಿಗೂ ಸಂಬಂಧಪಟ್ಟದ್ದು. ಒಂದು ಪುಟ 3 ಎಂಬಿ ಇದ್ದು ತಿಂಗಳಿಗೆ ಅದನ್ನು 1 ಲಕ್ಷ ಸಲ ತೆರೆದರೆ ಸುಮಾರು 300 ಜಿಬಿ ಡೇಟಾ ಹೊರಹೋಗುತ್ತದೆ. ಪುಟವನ್ನು ಅರ್ಧ ಎಂಬಿಗೆ ಇಳಿಸಿದರೆ 50 ಜಿಬಿ. ಅಮೆಜಾನ್ ಕ್ಲೌಡ್‌ನಲ್ಲಿ ತಿಂಗಳಿಗೆ ಹೊರಹೋಗುವ ಮೊದಲ 100 ಜಿಬಿ ಉಚಿತ, ಆಮೇಲೆ ಪ್ರತಿ ಜಿಬಿಗೂ ದುಡ್ಡು. ಫೋಟೊ ಸರಿಮಾಡಿದ ಒಂದು ಸಂಜೆಯ ಕೆಲಸದಿಂದ ಆ ಖರ್ಚೇ ಇಲ್ಲವಾಗಬಹುದು.

ಫೋಟೊ ಸರಿಯಿದ್ದೂ ನಿಧಾನ ಎಂದಾದರೆ ಯಂತ್ರದ ಮೇಲಿನ ಹೊರೆ ನೋಡಿ. ಲಿನಕ್ಸ್ ಸರ್ವರ್‌ನಲ್ಲಿ ‘ಟಾಪ್’ ಎಂಬ ಕಮಾಂಡ್ ಕೊಟ್ಟರೆ ಮೇಲಿನ ಸಾಲಿನಲ್ಲೇ ಲೋಡ್ ಆವರೇಜ್ ಎಂದು ಮೂರು ಸಂಖ್ಯೆ ಕಾಣುತ್ತವೆ. ಕಳೆದ 1 ನಿಮಿಷ, 5 ನಿಮಿಷ, 15 ನಿಮಿಷದ ಸರಾಸರಿ ಹೊರೆ ಅದು. ನಿಮ್ಮ ಯಂತ್ರಕ್ಕೆ 4 ಕೋರ್ (ಒಟ್ಟಿಗೇ ಬೇರೆ ಬೇರೆ ಕೆಲಸ ಮಾಡಬಲ್ಲ ಸಿಪಿಯು ಭಾಗಗಳು) ಇದ್ದು ಮೂರನೇ ಸಂಖ್ಯೆ ಸದಾ 4ರ ಮೇಲೆಯೇ ಇದ್ದರೆ ಕೆಲಸಗಳು ಸಾಲಿನಲ್ಲಿ ಕಾಯುತ್ತಿವೆ ಎಂದು ತಿಳಿಯಿರಿ. 0.5ರ ಆಸುಪಾಸಿನಲ್ಲಿದ್ದರೆ ದೊಡ್ಡ ಸರ್ವರಿಗೆ ಸುಮ್ನೆ ದುಡ್ಡು ಹಾಕಬೇಡಿ, ತೊಂದರೆ ಬೇರೆಲ್ಲೋ ಇದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿದ್ದರೆ ಈ ಲೆಕ್ಕವನ್ನು ಸಿಪ್ಯಾನೆಲ್ ಎಂಬ ಹೋಸ್ಟಿಂಗ್ ನಿಯಂತ್ರಣ ಫಲಕದ ರಿಸೋರ್ಸ್ ಯೂಸೇಜ್ ಪುಟದಲ್ಲಿ ಹುಡುಕಿ.

ವರ್ಷದ ಏರಿಳಿತ

ಈಗ ಹಿಂದಿನ ವರ್ಷದ ಟ್ರಾಫಿಕ್ ಗ್ರಾಫ್ ತೆಗೆಯಿರಿ. ಒಂದೆರಡು ತಿಂಗಳಿನದು ಸಾಲದು. ಕರದಂಟಿನ ಅಂಗಡಿಗೆ ದೀಪಾವಳಿ ಮುಂಚಿನ ವಾರಗಳಲ್ಲಿ ಗ್ರಾಫ್ ನೆಟ್ಟಗೆ ಏರಿ, ಆಮೇಲೆ ನೆಲಕ್ಕೆ ಇಳಿದಿರುತ್ತದೆ. ಕೋಚಿಂಗ್ ಕ್ಲಾಸಿನ ಸೈಟಿಗೆ ಫಲಿತಾಂಶದ ದಿನ ಒಂದೇ ಗಂಟೆಯಲ್ಲಿ ಎಲ್ಲ ಮಕ್ಕಳೂ ಬರುತ್ತಾರೆ. ಸಕ್ಕರೆ ಕಾರ್ಖಾನೆಯವರು ಕಬ್ಬಿನ ತೂಕ, ಬಿಲ್ಲು ತೋರಿಸುವ ಸೈಟ್ ಇಟ್ಟಿದ್ದರೆ ನುರಿಸುವ ಹಂಗಾಮು ಮುಗಿಯುವವರೆಗೂ ಬಿಡುವಿಲ್ಲ, ಮುಗಿದ ಮೇಲೆ ಕೇಳುವವರಿಲ್ಲ. ಇಂಥ ಏರಿಳಿತ ಇದ್ದರೆ ನನ್ನ ಮಾತು ನೇರ: ಕ್ಲೌಡ್. ನಾಲ್ಕು ವಾರದ ಗದ್ದಲಕ್ಕಾಗಿ ಹನ್ನೆರಡು ತಿಂಗಳು ದೊಡ್ಡ ಯಂತ್ರದ ಬಾಡಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ದಿನವೂ ಒಂದೇ ಸಮನೆ ಭಾರೀ ಕೆಲಸ ಇದೆಯಾ? ನೂರಾರು ಶಾಲೆಗಳ ಹಾಜರಿ ದಾಖಲಿಸುವ ಸಾಫ್ಟ್‌ವೇರ್, ಹಗಲು ರಾತ್ರಿ ವಿಡಿಯೊ ಕೊಡುವ ಸುದ್ದಿ ಪೋರ್ಟಲ್, ದೊಡ್ಡ ಡೇಟಾಬೇಸ್ ಇಂಥವಕ್ಕೆ ಡೆಡಿಕೇಟೆಡ್ ಕಡಿಮೆ ಖರ್ಚಿನಲ್ಲಿ ಜಾಸ್ತಿ ಶಕ್ತಿ ಕೊಡುತ್ತದೆ. ವಿಡಿಯೊದವರು ಡೇಟಾ ಮಿತಿಯನ್ನು ಮೊದಲೇ ಕೇಳಿಕೊಳ್ಳಿ. ಎಷ್ಟೋ ಡೆಡಿಕೇಟೆಡ್ ಪ್ಲಾನ್‌ಗಳಲ್ಲಿ ಬಾಡಿಗೆಯ ಜೊತೆಗೇ ಹಲವು ಟೆರಾಬೈಟ್ ಬರುತ್ತದೆ.

ಕ್ಲೌಡ್ ತಾನಾಗೇ ಬೆಳೆಯುವುದಿಲ್ಲ

ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಲೌಡ್‌ನಲ್ಲಿ ಒಂದು ಯಂತ್ರ ತಗೊಂಡರೆ ಅದು ಒಂದೇ ಯಂತ್ರ. ಜನ ಹೆಚ್ಚಾದಾಗ ಅದನ್ನು ನೀವೇ ದೊಡ್ಡದು ಮಾಡಬೇಕು, ಅದಕ್ಕೆ ಸಾಮಾನ್ಯವಾಗಿ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ತಾನಾಗಿ ಹೆಚ್ಚಾಗಬೇಕು ಎಂದರೆ ಬಂದವರನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಹೊರೆ ನೋಡಿ ಯಂತ್ರ ಕೂಡಿಸುವ, ಕಳೆಯುವ ಆಟೋ ಸ್ಕೇಲಿಂಗ್ ಎಲ್ಲ ಕೂಡಿಸಬೇಕು. ಅದಕ್ಕೆ ಬಲ್ಲವರು ಬೇಕು, ದುಡ್ಡೂ ಬೇಕು. ಅಂಗಡಿಯ ಸೈಟಿಗೆ ಅಷ್ಟು ಬೇಡ. ಹಬ್ಬಕ್ಕೆ ಎರಡು ವಾರ ಮುಂಚೆ ದೊಡ್ಡ ಯಂತ್ರಕ್ಕೆ ಏರಿಸಿ, ಹಬ್ಬ ಮುಗಿದ ಮೇಲೆ ಇಳಿಸಿ. ಇಳಿಸುವ ದಿನಾಂಕವನ್ನು ಏರಿಸುವ ದಿನವೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಇನ್ನೊಂದು, ಏರಿಸುವಾಗ ಸಿಪಿಯು, ರ‍್ಯಾಮ್ ಮಾತ್ರ ಹೆಚ್ಚಿಸಿ. ಡಿಸ್ಕ್ ದೊಡ್ಡದು ಮಾಡಿದರೆ ಅದನ್ನು ಮತ್ತೆ ಚಿಕ್ಕದು ಮಾಡುವುದು ಕಷ್ಟ.

ಅಗ್ಗದ ಕ್ಲೌಡ್ ಯಂತ್ರಗಳಲ್ಲಿ ಸಿಪಿಯು ಕ್ರೆಡಿಟ್ ಎಂಬುದೊಂದಿದೆ. ಕೆಲಸ ಕಡಿಮೆ ಇದ್ದಾಗ ಕ್ರೆಡಿಟ್ ಕೂಡಿಬರುತ್ತದೆ, ಗದ್ದಲದ ಹೊತ್ತಿಗೆ ಖರ್ಚಾಗುತ್ತದೆ. ಮುಗಿದರೆ ಸೈಟ್ ತೆವಳುತ್ತದೆ, ಇಲ್ಲವೇ ಬಿಲ್ ಏರುತ್ತದೆ. ಯಾವುದು ಆಗುತ್ತದೆ ಎಂಬುದು ನೀವು ಆರಿಸಿದ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಯಂತ್ರದ ಬಾಡಿಗೆಯ ಹೊರಗೆ ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಹೊತ್ತಿನ ನಕಲು), ಹೊರಹೋಗುವ ಡೇಟಾ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. 2024ರ ಫೆಬ್ರವರಿಯಿಂದ ಅಮೆಜಾನ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ (ಇಂಟರ್‌ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಗಂಟೆಗೆ 0.005 ಡಾಲರ್ ಹಾಕುತ್ತಿದೆ, ತಿಂಗಳಿಗೆ ಸುಮಾರು 3.65 ಡಾಲರ್. ಮೇಲೆ ಶೇ 18 ಜಿಎಸ್‌ಟಿ. ಬಿಲ್ ಮಿತಿ ಮುಟ್ಟಿದರೆ ತಿಳಿಸುವ ಬಜೆಟ್ ಅಲರ್ಟನ್ನು ಖಾತೆ ತೆರೆದ ದಿನವೇ ಹಾಕಿಕೊಳ್ಳಿ. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ತಿಂಗಳಿಗೆ ಇಂತಿಷ್ಟೇ ಎಂಬ ಸಣ್ಣ ವಿಪಿಎಸ್ (ದೊಡ್ಡ ಯಂತ್ರದಲ್ಲಿ ನಿಮಗೆಂದೇ ಬೇರ್ಪಡಿಸಿದ ಒಂದು ಪಾಲು) ಪ್ಲಾನ್‌ಗಳಿವೆ. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ರಾತ್ರಿ ಯಾರು ನೋಡುತ್ತಾರೆ?

ಡೆಡಿಕೇಟೆಡ್‌ನಲ್ಲಿ ಡಿಸ್ಕ್ ಕೆಟ್ಟರೆ ಡೇಟಾ ಸೆಂಟರ್‌ನವರು ಕೈಯಿಂದ ಬದಲಿಸಬೇಕು. ಅಲ್ಲಿಯವರೆಗೆ ಸೈಟ್ ನಡೆಯಬೇಕೆಂದರೆ ಒಂದೇ ಡೇಟಾವನ್ನು ಎರಡು ಡಿಸ್ಕ್‌ನಲ್ಲಿ ಬರೆಯುವ ರೇಡ್ 1 ಇರಲೇಬೇಕು. ಮ್ಯಾನೇಜ್ಡ್, ಅಂದರೆ ಯಂತ್ರದ ನಿರ್ವಹಣೆ ಅವರದೇ, ಹೌದೋ ಅಲ್ಲವೋ ಎಂದೂ ಕೇಳಿ. ಅಲ್ಲದಿದ್ದರೆ ಅಪ್‌ಡೇಟ್, ಫೈರ್‌ವಾಲ್, ಎಲ್ಲವೂ ನಿಮ್ಮ ತಲೆಯ ಮೇಲೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಸೂಚನೆಯಂತೆ ಲಾಗ್‌ಗಳನ್ನು (ಸರ್ವರ್‌ನ ಚಟುವಟಿಕೆಯ ದಾಖಲೆ) 180 ದಿನ ಉಳಿಸಬೇಕು, ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಬಾಗಲಕೋಟೆಯಲ್ಲಿ ಕುಳಿತು ಇದನ್ನೆಲ್ಲ ನೋಡಿಕೊಳ್ಳುವ ಹುಡುಗರಿದ್ದಾರೆ, ಒಳ್ಳೆಯ ಕೆಲಸಗಾರರೂ ಹೌದು. ಆದರೆ ಒಬ್ಬರನ್ನೇ ನೆಚ್ಚಬೇಡಿ. ಪಾಸ್‌ವರ್ಡ್, ಡೊಮೇನ್, ಹೋಸ್ಟಿಂಗ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಬ್ಯಾಕಪ್ ಮಾತ್ರ ಎರಡಕ್ಕೂ ಬೇಕು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟಿದ್ದವರಿಗೆ ಮರಳಿ ಏನೂ ಸಿಗಲಿಲ್ಲ. ಸರ್ವರ್ ಮುಂಬೈಯಲ್ಲಿದ್ದರೆ ಬ್ಯಾಕಪ್‌ನ ಒಂದು ಪ್ರತಿ ಹೈದರಾಬಾದ್‌ನಲ್ಲಿ, ಬೇರೆ ಖಾತೆಯಲ್ಲಿರಲಿ. ಸರ್ವರ್ ಮಾತ್ರ ಭಾರತದೊಳಗೇ ಇರುವುದು ಒಳ್ಳೆಯದು. ವಿಜಯಪುರದ ಗಿರಾಕಿಗೆ ಮುಂಬೈ, ಬೆಂಗಳೂರು ಎರಡೂ ಹತ್ತಿರವೇ, ಅಮೆರಿಕ ಆದರೆ ಪ್ರತಿ ಕ್ಲಿಕ್‌ಗೂ ಕಾಯಬೇಕು.

ಸೈಟ್ ಸ್ಥಳಾಂತರ

ತೀರ್ಮಾನ ಆದ ಮೇಲೆ ಸ್ಥಳಾಂತರದ ಹಿಂದಿನ ದಿನವೇ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿನಿಂದ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್, ಅಂದರೆ ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಆಗ ಹೊಸ ವಿಳಾಸ ಬೇಗ ಎಲ್ಲರಿಗೂ ಮುಟ್ಟುತ್ತದೆ. ಕೊನೆಯ ಸಲ ಡೇಟಾಬೇಸ್ ನಕಲು ಮಾಡುವಾಗ ಅಂಗಡಿಯನ್ನು ಅರ್ಧ ಗಂಟೆ ಮುಚ್ಚಿಡಿ, ಇಲ್ಲದಿದ್ದರೆ ಆ ನಡುವೆ ಬಂದ ಆರ್ಡರ್ ಹಳೆಯ ಸರ್ವರ್‌ನಲ್ಲೇ ಉಳಿದುಬಿಡುತ್ತದೆ. ಬೆಳಗಿನ ಜಾವ ಇದಕ್ಕೆ ಒಳ್ಳೆಯ ಹೊತ್ತು. ಹಳೆಯ ಸರ್ವರನ್ನು ಒಂದು ವಾರ ಹಾಗೇ ಇಟ್ಟುಕೊಳ್ಳಿ. ರದ್ದು ಮಾಡುವ ಮೊದಲು ನಿಮ್ಮ ಡೊಮೇನ್ ಹೆಸರಿನ ಇಮೇಲ್ ಎಲ್ಲಿದೆ ಎಂದು ನೋಡಿ. ಎಷ್ಟೋ ಸಲ ಅದು ಹಳೆಯ ಹೋಸ್ಟಿಂಗ್‌ನಲ್ಲೇ ಇರುತ್ತದೆ, ಸರ್ವರ್ ಜೊತೆ ಅದೂ ಅಳಿಸಿಹೋಗುತ್ತದೆ.