ಹಳೆಯ ರೈಫಲ್ಲಿನ ಚೇಂಬರ್ ಕೊರೆಸುವ ಮುನ್ನ

ಪಾವಗಡ, ಮಧುಗಿರಿ, ಶಿರಾ ಕಡೆಯ ಹಳೆಯ ಮನೆಗಳಲ್ಲಿ ತಾತನ ಕಾಲದ ರೈಫಲ್ ಲೈಸೆನ್ಸ್ ಸಮೇತ ಉಳಿದಿರುವುದುಂಟು. ಸಾಮಾನ್ಯವಾಗಿ .315 ತೋಟಾದ್ದು, ಅಪರೂಪಕ್ಕೆ .30-06ರದ್ದು. ಇವುಗಳ ಚೇಂಬರನ್ನು (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ರೀಮರ್ ಎಂಬ ಕೊರೆಯುವ ಉಪಕರಣದಿಂದ ಕೊರೆಸಿ, ಹೆಚ್ಚು ಮದ್ದು ಹಿಡಿಸುವ ‘ಇಂಪ್ರೂವ್ಡ್’ ತೋಟಾಗೆ ಹೊಂದಿಸಿದರೆ ಗುಂಡಿನ ವೇಗ ಏರುತ್ತದೆ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಈ ಲೆಕ್ಕವನ್ನು ರೀಮರ್‌ನಿಂದಲ್ಲ, ತೋಟಾದಿಂದ ಶುರುಮಾಡಬೇಕು.

ಇಂಪ್ರೂವ್ಡ್ ತೋಟಾ ಎಂದರೆ ಬೇರೆ ಗುಂಡಲ್ಲ. ಮದ್ದು ತುಂಬುವ ಹಿತ್ತಾಳೆ ಕೇಸಿನ ಮೈಯ ಇಳಿಜಾರನ್ನು ಕಡಿಮೆ ಮಾಡಿ, ಭುಜವನ್ನು, ಅಂದರೆ ಮೈ ಕತ್ತಿಗೆ ಕಿರಿದಾಗುವ ಭಾಗವನ್ನು, ಕಡಿದಾಗಿಸಿ (ಅಮೆರಿಕದ ಪಿ.ಓ. ಆಕ್ಲಿ ಬಳಕೆಗೆ ತಂದ ಮಾದರಿಯಲ್ಲಿ 40 ಡಿಗ್ರಿ) ಒಳಗೆ ಜಾಗ ಹೆಚ್ಚಿಸಿರುತ್ತಾರೆ. ಮಾಮೂಲಿ ತೋಟಾವನ್ನು ಹೊಸ ಚೇಂಬರಿನಲ್ಲಿ ಹಾರಿಸಿದಾಗ ಕೇಸು ಉಬ್ಬಿ ಆ ಆಕಾರಕ್ಕೆ ಬರುತ್ತದೆ. ಹೆಚ್ಚುವರಿ ವೇಗ ಸಿಗುವುದು ಆ ಉಬ್ಬಿದ ಕೇಸಿಗೆ ಮತ್ತೆ ಮದ್ದು ತುಂಬಿದಾಗ ಮಾತ್ರ. ಅಂದರೆ ತೋಟಾ ಕೈಯಾರೆ ತುಂಬುವವರಿಗಷ್ಟೇ ಇದರಿಂದ ಪ್ರಯೋಜನ. ಅಂಗಡಿಯ ತೋಟಾವನ್ನೇ ಹಾರಿಸುವವರಿಗೆ ಕೊರೆಸಿದ ಚೇಂಬರಿನಿಂದ ವೇಗ ಸ್ವಲ್ಪ ಕಡಿಮೆಯೇ ಆಗುತ್ತದೆ, ಏಕೆಂದರೆ ಒತ್ತಡದ ಒಂದು ಪಾಲು ಕೇಸನ್ನು ಉಬ್ಬಿಸುವುದಕ್ಕೇ ಖರ್ಚು. .280 ಆಕ್ಲಿಯಂಥ ಒಂದೆರಡಕ್ಕೆ ಹೊರದೇಶದಲ್ಲಿ ಕಾರ್ಖಾನೆ ತೋಟಾ ಸಿಗುತ್ತದೆ, ಅದು ಬೇರೆ ಮಾತು.

ನಮ್ಮಲ್ಲಿ ಪ್ರಶ್ನೆ ಇಲ್ಲಿಗೇ ಹೆಚ್ಚುಕಡಿಮೆ ಮುಗಿಯುತ್ತದೆ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ, ಮಾರ್ಪಾಡು, ತೋಟಾ ತಯಾರಿ ಎಲ್ಲಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಬಳಿ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್, ಅದರಲ್ಲಿ ಬೋರ್ ಮತ್ತು ನಂಬರ್ ನಮೂದಾಗಿರುತ್ತದೆ. ಲೇತ್ ಇದೆ ಎಂದು ತುಮಕೂರಿನ ಯಾವುದೋ ವರ್ಕ್‌ಶಾಪಿನಲ್ಲಿ ಕೊರೆಸಿದರೆ ಕೊರೆದವರೂ ಕೊರೆಸಿದವರೂ ಇಬ್ಬರೂ ಸಿಕ್ಕಿಬೀಳುತ್ತಾರೆ. 2019ರ ತಿದ್ದುಪಡಿಯ ನಂತರ ಇಂಥದ್ದಕ್ಕೆ ಕನಿಷ್ಠ ಶಿಕ್ಷೆ ಏಳು ವರ್ಷ. ಏನೇ ಮಾಡಿಸುವುದಿದ್ದರೂ ಮೊದಲು ಡಿಸಿ ಆಫೀಸಿನ ಆಯುಧ ಶಾಖೆಯಲ್ಲಿ ಲಿಖಿತವಾಗಿ ಕೇಳಿ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತದೆ ಎಂಬುದೂ ಇದಕ್ಕೆ ಕಾರಣವಾಗದು. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷಿದ್ಧ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿಗೂ ಗುಂಡು ಹಾರಿಸುವಂತಿಲ್ಲ.

ಇನ್ನು ಲಾಭ ಎಷ್ಟು? ಕೇಸಿನ ಜಾಗ ಶೇಕಡಾ ಎಷ್ಟು ಹೆಚ್ಚುತ್ತದೋ, ಅದೇ ಒತ್ತಡದಲ್ಲಿ ವೇಗ ಅದರ ಕಾಲು ಭಾಗದಷ್ಟು ಹೆಚ್ಚುತ್ತದೆ ಎಂಬುದು ಸುಮಾರಾಗಿ ಸರಿಯಾದ ಲೆಕ್ಕ. .30-06ರಲ್ಲಿ ಜಾಗ ಹೆಚ್ಚುವುದು ಶೇ. 5ರಿಂದ 7. ಸೆಕೆಂಡಿಗೆ 820 ಮೀಟರ್ ಇದ್ದದ್ದು ಹತ್ತು ಹನ್ನೆರಡು ಮೀಟರ್ ಏರೀತು. 100 ಮೀಟರಿಗೆ ಗುರಿ ಹೊಂದಿಸಿದ ರೈಫಲ್ಲಿನಲ್ಲಿ 200 ಮೀಟರಿನ ಇಳಿತಕ್ಕೆ ಇದು ಒಂದು ಸೆಂಟಿಮೀಟರ್ ವ್ಯತ್ಯಾಸವನ್ನೂ ತರದು. ಇದಕ್ಕಿಂತ ದೊಡ್ಡ ಅಂಕಿ ಯಾರಾದರೂ ಹೇಳಿದರೆ, ಅವರು ಒತ್ತಡವನ್ನೇ ಏರಿಸಿದ್ದಾರೆ ಎಂದು ತಿಳಿಯಿರಿ. ಇಳಿಜಾರು ಹೆಚ್ಚಿರುವ .250 ಸಾವೇಜ್, .257 ರಾಬರ್ಟ್ಸ್, 7×57ನಂಥ ಹಳೆಯ ಕೇಸುಗಳಲ್ಲಿ ಲಾಭ ನಿಜಕ್ಕೂ ಹೆಚ್ಚು.

ಕೆಲಸ ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿದಿರಬೇಕು. ಬುಡದಲ್ಲಿ ಹೊರಚಾಚಿದ ಅಂಚು (ರಿಮ್) ಇಲ್ಲದ .30-06ರಂಥ ತೋಟಾ ಚೇಂಬರಿನಲ್ಲಿ ಭುಜದ ಆಧಾರದ ಮೇಲೆ ನಿಲ್ಲುತ್ತದೆ. ಹಾಗಾಗಿ ರೀಮರ್ ಹಾಕುವ ಮುಂಚೆ ನಳಿಗೆಯನ್ನು ಬಿಚ್ಚಿ, ಹಿಂಬದಿಯನ್ನು ಒಂದಿಷ್ಟು ಕತ್ತರಿಸಿ ಒಳಕ್ಕೆ ತರಬೇಕು. ಹೆಡ್‌ಸ್ಪೇಸ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖದಿಂದ ತೋಟಾ ಆನಿಸಿ ನಿಲ್ಲುವ ಜಾಗದವರೆಗಿನ ಅಂತರ) ಆ ಅಂತರದ ಕನಿಷ್ಠ ಮಿತಿ ನೋಡುವ ಮಾಮೂಲಿ ಗೋ ಗೇಜಿಗಿಂತ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ (0.1 ಮಿ.ಮೀ.) ಕಡಿಮೆ ಇರಬೇಕು. ಆಗ ಮೊದಲ ಗುಂಡಿಗೆ ಕೇಸು ಕತ್ತಿನ ಬುಡದಲ್ಲಿ ಬಿಗಿಯಾಗಿ ಕೂರುತ್ತದೆ. ನಳಿಗೆ ಬಿಚ್ಚುವ ತೊಂದರೆ ಬೇಡವೆಂದು ನೇರ ರೀಮರ್ ತಿರುಗಿಸಿದರೆ ಕೇಸು ಹಿಂದಕ್ಕೆ ಸರಿದು ಬುಡದ ಹತ್ತಿರ ಉದ್ದಕ್ಕೆ ಹಿಗ್ಗಿ ತೆಳುವಾಗುತ್ತದೆ, ಕೊನೆಗೊಂದು ದಿನ ಎರಡಾಗಿ ಕಿತ್ತು ಬಿಸಿ ಗಾಳಿ ಮುಖಕ್ಕೆ ಬರುತ್ತದೆ. ರಿಮ್ ಇರುವ .315 ನಿಲ್ಲುವುದು ರಿಮ್ ಮೇಲೆ, ಆದ್ದರಿಂದ ನಳಿಗೆ ಹಿಂದೆ ತರುವ ಅಗತ್ಯ ಬರುವುದಿಲ್ಲ. ಆದರೆ ಇಲ್ಲಿನ .315ರ ಬೋಲ್ಟ್ ಲೀ-ಎನ್‌ಫೀಲ್ಡ್ ಮಾದರಿಯದು, ಅದನ್ನು ಬಿಗಿಹಿಡಿಯುವ ಲಗ್ಗುಗಳು (ಚಾಚುಗಳು) ಹಿಂಬದಿಯಲ್ಲಿವೆ. ಒತ್ತಡ ಏರಿದರೆ ಇಡೀ ಬೋಲ್ಟ್ ಮಿಡಿದು ಕೇಸು ಹಿಗ್ಗುತ್ತದೆ. ಹೆಚ್ಚು ಮದ್ದಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಇನ್ನೊಂದು ಅಪಾಯ ಗುಟ್ಟಾಗಿರುತ್ತದೆ. ಮೈ ನೇರವಾದ ಕೇಸು ಚೇಂಬರ್ ಗೋಡೆಯನ್ನು ಬಿಗಿಯಾಗಿ ಹಿಡಿಯುವುದರಿಂದ, ಒತ್ತಡ ಮೀರಿದಾಗ ಬೋಲ್ಟ್ ತೆರೆಯಲು ಗಟ್ಟಿಯಾಗುವ ಎಚ್ಚರಿಕೆ ತಡವಾಗಿ ಕಾಣುತ್ತದೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಕಾದ ಮದ್ದು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಮ್ಯಾಗಜೀನಿನಿಂದ ತೋಟಾ ಸರಾಗವಾಗಿ ಏರದೆ ಭುಜ ತಗಲುವುದೂ ಉಂಟು.

ನಿಮ್ಮ ರೈಫಲ್ಲಿನ ಸ್ಥಿತಿ ಈಗ ಹೇಗಿದೆ ಎಂದು ನೋಡಲು, ಹಾರಿಸಿದ ಕೇಸಿನ ಒಳಗೆ ತುದಿ ಬಗ್ಗಿಸಿದ ತೆಳು ತಂತಿ ಬಿಟ್ಟು ಬುಡದಿಂದ ಮೇಲಕ್ಕೆ ಗೀರಿ. ತಳಕ್ಕೆ ಸ್ವಲ್ಪ ಮೇಲೆ ತಗ್ಗು ಸಿಕ್ಕರೆ, ಅಥವಾ ಹೊರಗೆ ಹೊಳೆಯುವ ಉಂಗುರ ಕಂಡರೆ, ಈಗಾಗಲೇ ಕೇಸು ಹಿಗ್ಗುತ್ತಿದೆ. ಅಂಥದ್ದನ್ನು ಹಾರಿಸುವುದು ನಿಲ್ಲಿಸಿ, ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಗೇಜ್ ಹಾಕಿಸಿ.

ಗುರಿ ಸುಧಾರಿಸಬೇಕೆಂಬುದೇ ಉದ್ದೇಶವಾದರೆ ಚೇಂಬರ್ ಮುಟ್ಟದೆಯೂ ದಾರಿಯಿದೆ. ನಳಿಗೆಯೊಳಗಿನ ತಾಮ್ರದ ಲೇಪ ಸಂಪೂರ್ಣ ತೆಗೆಯಿರಿ, ಮರದ ಕಟ್ಟಿನ ಸ್ಕ್ರೂಗಳು ಸಡಿಲವೇ ನೋಡಿ, ಬಾಯಿಯ ಅಂಚಿನಲ್ಲಿ ಗಾಯವಿದ್ದರೆ ಅದನ್ನು ಸರಿಮಾಡಿಸಿ. ಆಮೇಲೆ ಅಧಿಕೃತ ರೇಂಜಿನಲ್ಲಿ ಒಂದೇ ಬ್ಯಾಚಿನ ತೋಟಾದಿಂದ 100 ಮೀಟರಿಗೆ ಐದೈದರ ಮೂರು ಗುಂಪು ಹಾರಿಸಿ, ನಳಿಗೆ ಆರಲು ನಡುನಡುವೆ ಬಿಡುವು ಕೊಟ್ಟು, ಹಾಳೆಗಳ ಮೇಲೆ ತಾರೀಖು ಬರೆದಿಟ್ಟುಕೊಳ್ಳಿ.